ಯೂರೋಪಿಗೆ ಶಾಂತಿಯ ದಾರಿ ತೋರಿದ ರಾಬರ್ಟ್ ಶೂಮಾನ್

ಯೂರೋಪಿನಲ್ಲಿ ಪ್ರತಿವರ್ಷ ಮೇ 9ನ್ನು ಯೂರೋಪ್ ದಿನವಾಗಿ ಆಚರಿಸುತ್ತಾರೆ. ಅದಕ್ಕೆ ಕಾರಣರಾದವರು ದಿನವೂ ಬಲಿಪೂಜೆಯಲ್ಲಿ ಪಾಲ್ಗೊಳ್ಳುತ್ತಿದ್ದ ಒಬ್ಬ ಕಥೋಲಿಕ ರಾಜಕಾರಣಿ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿರಲಾರದು.

ರಾಬರ್ಟ್ ಶೂಮಾನ್‌ರವರು 1886ರ ಜೂನ್ 29ರಂದು ಲಕ್ಸಂಬರ್ಗಿನಲ್ಲಿ ಜನಿಸಿದರು. ತಂದೆಯ ಊರು ಲೊರೇನ್ ಪ್ರಾಂತ್ಯದಲ್ಲಿ. 1871ರಲ್ಲಿ ಆ ಭಾಗವನ್ನು ಜರ್ಮನಿಯು ಫ್ರಾನ್ಸಿನಿಂದ ಕಸಿದುಕೊಂಡಿದ್ದರಿಂದ ಶೂಮಾನ್ ಹುಟ್ಟಿನಿಂದ ಜರ್ಮನ್ ಪ್ರಜೆ. ಮೊದಲ ಮಹಾಯುದ್ಧದ ನಂತರ ಅದೇ ನೆಲ ಫ್ರಾನ್ಸಿಗೆ ಮರಳಿತು. 1919ರಲ್ಲಿ ಅವರು ಫ್ರೆಂಚ್ ಸಂಸತ್ತಿಗೆ ಆಯ್ಕೆಯಾದರು. ಗಡಿ ಅತ್ತಿತ್ತ ಸರಿದರೆ ಜನರ ಪಾಡೇನು ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. 1911ರಲ್ಲಿ ತಾಯಿ ಕುದುರೆಗಾಡಿ ಅಪಘಾತದಲ್ಲಿ ತೀರಿಕೊಂಡಾಗ ಗುರುವಾಗುವ ಯೋಚನೆ ಬಂದಿತ್ತು. ಗೆಳೆಯರೊಬ್ಬರ ಸಲಹೆಯಂತೆ ಶ್ರೀಸಾಮಾನ್ಯರಾಗಿಯೇ ಉಳಿದು ವಕೀಲರಾದರು. ಮದುವೆಯಾಗಲಿಲ್ಲ.

1940ರ ಜುಲೈಯಲ್ಲಿ ಮಾರ್ಷಲ್ ಪೆತಾಂಗೆ ಪೂರ್ಣಾಧಿಕಾರ ಕೊಡುವ ಪರವಾಗಿ ಇವರೂ ಮತ ಹಾಕಿದ್ದರು. ಅದು ಅವರ ಬಾಳಿನ ಕಪ್ಪುಚುಕ್ಕೆ ಎಂದೇ ನಾವು ಭಾವಿಸುತ್ತೇವೆ. ಅದೇ ವರ್ಷ ಗೆಸ್ಟಾಪೊ ಅವರನ್ನು ಬಂಧಿಸಿತು. 1942ರಲ್ಲಿ ತಪ್ಪಿಸಿಕೊಂಡು ಸನ್ಯಾಸಿ ಮಠಗಳಲ್ಲಿ ಅಡಗಿದ್ದರು.

ಇಷ್ಟು ಅನುಭವಿಸಿದವರು ಜರ್ಮನಿಯ ಮೇಲೆ ಹಗೆ ಸಾಧಿಸಬಹುದಿತ್ತು. ಆದರೆ ವಿದೇಶಾಂಗ ಸಚಿವರಾಗಿ 1950ರ ಮೇ 9ರಂದು ಅವರು ಮಾಡಿದ ಘೋಷಣೆಯೇ ಬೇರೆ: ಎರಡೂ ದೇಶಗಳ ಕಲ್ಲಿದ್ದಲು ಮತ್ತು ಉಕ್ಕಿನ ಉತ್ಪಾದನೆ ಒಂದೇ ಜಂಟಿ ಆಡಳಿತದ ಕೆಳಗೆ ಬರಲಿ. ಫಿರಂಗಿ ತಯಾರಾಗುವುದು ಇವೆರಡರಿಂದಲೇ ತಾನೆ? ಒಬ್ಬರಿಗೆ ತಿಳಿಯದಂತೆ ಇನ್ನೊಬ್ಬರು ಯುದ್ಧಕ್ಕೆ ಸಿದ್ಧರಾಗಲು ಆಗಬಾರದು ಎಂಬುದೇ ಇದರ ಗುಟ್ಟು. ಕರಡು ಸಿದ್ಧಪಡಿಸಿದ್ದು ಜಾನ್ ಮೊನೆ. ರಾಜಕೀಯ ಹೊಣೆ ಹೊತ್ತವರು ಶೂಮಾನ್. ಅವರನ್ನು ಗಾಂಧೀಜಿಯಂತಹ ಅಹಿಂಸಾವಾದಿ ಎನ್ನಲಾಗದು, ಫ್ರಾನ್ಸಿಗೆ ಸೈನ್ಯವಿತ್ತು, ವಸಾಹತುಗಳೂ ಇದ್ದವು. ಆದರೂ ಶತ್ರುವನ್ನು ತುಳಿಯದೆ ಸಮಾನನಾಗಿ ಮೇಜಿಗೆ ಕರೆದದ್ದು ಅಹಿಂಸೆಯ ದಾರಿಯೇ ಎಂದು ನಮಗೆ ತೋರುತ್ತದೆ. ಜರ್ಮನಿಯ ಅಡೆನೋವರ್ ಮತ್ತು ಇಟಲಿಯ ದೆ ಗಾಸ್ಪೆರಿ ಕೈಜೋಡಿಸಿದರು, ಇಬ್ಬರೂ ಕಥೋಲಿಕರೇ. 1951ರ ಏಪ್ರಿಲ್ 18ರಂದು ಆರು ದೇಶಗಳು ಪ್ಯಾರಿಸಿನಲ್ಲಿ ಒಪ್ಪಂದಕ್ಕೆ ಸಹಿ ಹಾಕಿದವು. ಇಂದಿನ ಯೂರೋಪಿಯನ್ ಒಕ್ಕೂಟದ ಬೇರು ಅಲ್ಲಿದೆ.

ಶೂಮಾನ್‌ರವರು 1963ರ ಸೆಪ್ಟೆಂಬರ್ 4ರಂದು ಮೆಟ್ಸ್ ನಗರದ ಬಳಿಯ ಸಿ-ಶಾಜೆಲ್ ಗ್ರಾಮದ ತಮ್ಮ ಮನೆಯಲ್ಲಿ ನಿಧನರಾದರು. 2021ರ ಜೂನ್‌ನಲ್ಲಿ ಜಗದ್ಗುರು ಫ್ರಾನ್ಸಿಸ್‌ರವರು ಅವರ ಸದ್ಗುಣಗಳನ್ನು ಅಂಗೀಕರಿಸಿ ‘ಪೂಜನೀಯ’ ಎಂಬ ಗೌರವ ನೀಡಿದರು. ಅವರ ಸಮಾಧಿ ಮನೆಯ ಎದುರಿನ ಪುಟ್ಟ ಹಳೆಯ ದೇವಾಲಯದಲ್ಲಿದೆ.