ಕಾರಾಪುರದ ಮಾವುತನ ಮಗ

ಕೊವೆಂಟ್ರಿಯಿಂದ ಹೀಥ್ರೂ ವಿಮಾನ ನಿಲ್ದಾಣಕ್ಕೆ ಹೋಗುವಾಗ ಎಂ40 ರಸ್ತೆಯ ಕೊನೆಯಲ್ಲಿ ಡೆನ್ಹ್ಯಾಮ್ ಎಂಬ ಊರು ಸಿಗುತ್ತದೆ. ರಜೆಗೆ ಅಜ್ಜಿ ಮನೆಗೆ ಹೊರಟಾಗಲೆಲ್ಲ ನಾವು ಅದರ ಹತ್ತಿರದಲ್ಲೇ ಹಾದುಹೋಗಿದ್ದೇವೆ. ಮೈಸೂರು ಕಡೆಯ ಒಬ್ಬ ಹುಡುಗ 1936ರಲ್ಲಿ ಸಿನಿಮಾದಲ್ಲಿ ನಟಿಸಲು ಅಲ್ಲಿಗೆ ಬಂದಿದ್ದ ಎನ್ನುವುದು ನನಗೆ ಈ ವರ್ಷವಷ್ಟೇ ಗೊತ್ತಾಯಿತು. ನನಗೂ ಸಿನಿಮಾ ಕಲಿಯಲು ಲಂಡನ್ನಿಗೆ ಹೋಗುವ ಆಸೆ ಇದೆ. ಅದಕ್ಕೇ ಈ ಪುಸ್ತಕಕ್ಕೆ ಅವನ ಬಗ್ಗೆ ಬರೆಯುತ್ತೇನೆ ಎಂದು ಟೀಚರಿಗೆ ಹೇಳಿದೆ.

ಅವನ ಹೆಸರು ಸಾಬು ದಸ್ತಗೀರ್. ಹುಟ್ಟಿದ್ದು 1924ರ ಜನವರಿ 27ರಂದು, ಮೈಸೂರು ಸಂಸ್ಥಾನದ ಕಾರಾಪುರದಲ್ಲಿ. ಈಗ ಕಬಿನಿಯ ಕಾಡು ನೋಡಲು ಜನ ಹೋಗುವ ಜಾಗ ಅದು. ತಂದೆ ಮಹಾರಾಜರ ಆನೆಗಳ ಮಾವುತರಾಗಿದ್ದರು. ಸಾಬು ಚಿಕ್ಕವನಿದ್ದಾಗಲೇ ತಾಯಿ ತೀರಿಕೊಂಡರು, ಆಮೇಲೆ ತಂದೆಯೂ ಹೋದರು. ಹುಡುಗ ಅರಮನೆಯ ಆನೆ ಲಾಯದಲ್ಲೇ ಬೆಳೆದ.

ಆಗ ರಾಬರ್ಟ್ ಫ್ಲಾಹರ್ಟಿ ಎಂಬ ಹೆಸರಾಂತ ನಿರ್ದೇಶಕರು ಕಿಪ್ಲಿಂಗ್ ಅವರ ಒಂದು ಕತೆಯನ್ನು ಸಿನಿಮಾ ಮಾಡಲು ಮೈಸೂರಿಗೆ ಬಂದರು. ಆನೆಗೆ ಹೆದರದ ಹುಡುಗನೊಬ್ಬ ಅವರಿಗೆ ಬೇಕಾಗಿತ್ತು. ಚಿತ್ರತಂಡದ ಕಣ್ಣಿಗೆ ಸಾಬು ಬಿದ್ದ. ಉಳಿದ ಚಿತ್ರೀಕರಣ ಡೆನ್ಹ್ಯಾಮ್ ಸ್ಟುಡಿಯೋದಲ್ಲಿ ನಡೆಯಬೇಕಾಗಿದ್ದರಿಂದ ಅವನನ್ನೂ ಅವನ ಅಣ್ಣನನ್ನೂ ಇಂಗ್ಲೆಂಡಿಗೆ ಕರೆತಂದರು. ಆಗ ಸಾಬುವಿಗೆ 12 ವರ್ಷ. ನಮ್ಮ ಶಾಲೆಯಲ್ಲಿ ಆ ವಯಸ್ಸಿನವರನ್ನು ಅಪ್ಪ ಅಮ್ಮ ಕಾರಿನಲ್ಲಿ ತಂದು ಬಿಟ್ಟು, ಮತ್ತೆ ಬಂದು ಕರೆದುಕೊಂಡು ಹೋಗುತ್ತಾರೆ.

1937ರಲ್ಲಿ 'ಎಲಿಫೆಂಟ್ ಬಾಯ್' ತೆರೆಗೆ ಬಂತು. ಹುಡುಗ ಒಮ್ಮೆಲೇ ಹೆಸರುವಾಸಿಯಾದ. ಇಂಗ್ಲಿಷ್ ಕಲಿತ. ನಿರ್ಮಾಪಕ ಅಲೆಕ್ಸಾಂಡರ್ ಕೊರ್ಡಾ ಅವರ ಕಂಪನಿ 1938ರಲ್ಲಿ 'ದಿ ಡ್ರಮ್' ಚಿತ್ರದಲ್ಲಿ ಅವನನ್ನು ರಾಜಕುಮಾರನನ್ನಾಗಿ ಮಾಡಿತು. ಆದರೆ ಅದು ಬ್ರಿಟಿಷ್ ಆಳ್ವಿಕೆಯನ್ನು ಹೊಗಳುವ ಕತೆ. ಇಲ್ಲಿ ಜನ ಚಪ್ಪಾಳೆ ತಟ್ಟಿದ ಸಿನಿಮಾಕ್ಕೆ ಮುಂಬಯಿ, ಮದರಾಸುಗಳಲ್ಲಿ ಪ್ರತಿಭಟನೆ ನಡೆಯಿತು. ಕತೆ ಬರೆದವನು ಅವನಲ್ಲ, ಪಾತ್ರವನ್ನು ಆರಿಸಿದವನೂ ಅವನಲ್ಲ. ಆದರೂ ಪೋಸ್ಟರಿನಲ್ಲಿದ್ದದ್ದು 14 ವರ್ಷದ ಅವನ ಮುಖ.

ಮುಂದಿನ ಚಿತ್ರ 'ದಿ ಥೀಫ್ ಆಫ್ ಬಾಗ್ದಾದ್'. ಅದರ ಕೆಲಸ ನಡೆಯುತ್ತಿದ್ದಾಗಲೇ 1939ರಲ್ಲಿ ಯುದ್ಧ ಶುರುವಾಯಿತು. ಚಿತ್ರವನ್ನು ಮುಗಿಸಲು ತಂಡ ಅಮೆರಿಕಕ್ಕೆ ಹೋಯಿತು, ಸಾಬುವೂ ಜೊತೆಗೆ ಹೋದ. ಹೀಗೆ ಎರಡನೇ ಸಲ ಊರು ಬದಲಾದಾಗ ಅವನಿಗೆ 16 ವರ್ಷ, ಈಗ ನನಗಿರುವಷ್ಟೇ. ಆ ಚಿತ್ರಕ್ಕೆ ಮೂರು ಆಸ್ಕರ್ ಬಂದವು. ಅದರ ಕೊನೆಯಲ್ಲಿ ಸಾಬು ಮಾಡಿದ ಅಬು ಎಂಬ ಪಾತ್ರಕ್ಕೆ ಓದು, ದೊಡ್ಡ ಹುದ್ದೆ ಎಲ್ಲವನ್ನೂ ಕೊಡುತ್ತೇವೆ ಎನ್ನುತ್ತಾರೆ. ಅವನು ಹಾರುವ ಚಾಪೆ ಹತ್ತಿ ತನಗೆ ಬೇಕಾದ ಕಡೆಗೆ ಹಾರಿಹೋಗುತ್ತಾನೆ. ನಿಜವಾದ ಸಾಬುವಿಗೆ ಆ ಚಾಪೆ ಸಿಗಲಿಲ್ಲ. 1942ರ 'ಜಂಗಲ್ ಬುಕ್' ಚಿತ್ರದಲ್ಲಿ ಅವನು ಮತ್ತೆ ಕಾಡಿನ ಹುಡುಗ ಮೌಗ್ಲಿ. ಆಮೇಲೆ ಹಾಲಿವುಡ್ ಕೊಟ್ಟ 'ಅರೇಬಿಯನ್ ನೈಟ್ಸ್', 'ಕೋಬ್ರಾ ವುಮನ್' ಚಿತ್ರಗಳಲ್ಲಿ ಅವನು ನಾಯಕನಲ್ಲ, ನಾಯಕನ ಜೊತೆಗಾರ.

ಇಲ್ಲಿಂದ ಮುಂದೆ ಅವರನ್ನು ಬಹುವಚನದಲ್ಲಿ ಕರೆಯಬೇಕು ಅನಿಸುತ್ತದೆ. 1944ರಲ್ಲಿ ಅವರು ಅಮೆರಿಕದ ಪ್ರಜೆಯಾದರು, ಸೈನ್ಯ ಸೇರಿದರು. ಪೆಸಿಫಿಕ್ ಸಾಗರದ ಮೇಲೆ ಬಿ-24 ಬಾಂಬರ್ ವಿಮಾನಗಳಲ್ಲಿ ಗನ್ನರ್ ಆಗಿ ಹೋರಾಡಿ 'ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್' ಪದಕ ಪಡೆದರು. ಯುದ್ಧ ಮುಗಿದ ಮೇಲೆ ಇಂಗ್ಲೆಂಡಿನಲ್ಲಿ ತಯಾರಾದ 'ಬ್ಲ್ಯಾಕ್ ನಾರ್ಸಿಸಸ್' (1947) ಚಿತ್ರದಲ್ಲಿ ನಟಿಸಿದರು. 1948ರಲ್ಲಿ ಮದುವೆಯಾದರು, ಇಬ್ಬರು ಮಕ್ಕಳಾದರು. ಅಷ್ಟರಲ್ಲಿ ಒಳ್ಳೆಯ ಪಾತ್ರಗಳು ಕಡಿಮೆಯಾಗಿದ್ದವು. ಲಂಡನ್ನಿನ ಹ್ಯಾರಿಂಗೇಯಲ್ಲಿ ಸರ್ಕಸ್‌ನಲ್ಲಿ ಆನೆಗಳ ಜೊತೆಗೂ ಕಾಣಿಸಿಕೊಂಡರು. ಪದಕ ಗೆದ್ದ ಸೈನಿಕ ಎಂದಲ್ಲ, ಹಳೆಯ ಆನೆ ಹುಡುಗ ಎಂದೇ ಜನ ಅವರನ್ನು ನೋಡಲು ಬಂದರು.

ಊರಿಗೆ ಮರಳುವ ಒಂದು ದಾರಿ ತೆರೆದಿತ್ತು. ಮೆಹಬೂಬ್ ಖಾನ್ ಅವರು 'ಮದರ್ ಇಂಡಿಯಾ' ಚಿತ್ರದ ಬಿರ್ಜು ಪಾತ್ರಕ್ಕೆ ಸಾಬು ಅವರನ್ನು ಯೋಚಿಸಿದ್ದರು. ಆದರೆ ಭಾರತದಲ್ಲಿ ಕೆಲಸ ಮಾಡುವ ಪರವಾನಗಿ ಸಿಗಲಿಲ್ಲ. ಆ ಪಾತ್ರ ಸುನಿಲ್ ದತ್ ಅವರಿಗೆ ಹೋಯಿತು. ಸಾಬು ಒಂದೂ ಭಾರತೀಯ ಚಿತ್ರದಲ್ಲಿ ನಟಿಸಲಿಲ್ಲ. 1963ರ ಡಿಸೆಂಬರ್ 2ರಂದು ಕ್ಯಾಲಿಫೋರ್ನಿಯಾದಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಅವರಿಗಿನ್ನೂ 39 ವರ್ಷ.

ಈ ಬದುಕನ್ನು ಓದುವ ಮೊದಲು, ದೊಡ್ಡ ಊರಿಗೆ ಹೋದರೆ ಸಾಕು, ಉಳಿದದ್ದು ತಾನಾಗಿ ಆಗುತ್ತದೆ ಎಂದುಕೊಂಡಿದ್ದೆ. ಸಾಬು ಅವರಿಗೆ ಲಂಡನ್ನೂ ಸಿಕ್ಕಿತು, ಹಾಲಿವುಡ್ಡೂ ಸಿಕ್ಕಿತು. ಆದರೆ ಎಲ್ಲಿಗೆ ಹೋದರೂ ಮೊದಲ ದಿನ ಕಟ್ಟಿದ ಪೇಟವನ್ನೇ ಮತ್ತೆ ಮತ್ತೆ ಕಟ್ಟಿದರು. ಈ ಪಾತ್ರ ನಿನಗೆ ಬೇಕಾ, ಇದಾದ ಮೇಲೆ ಏನು ಎಂದು ಕೇಳಲು ಅವರಿಗೆ ಅಪ್ಪ ಅಮ್ಮ ಇರಲಿಲ್ಲ.

ನಮ್ಮ ಮನೆಯಲ್ಲಿ ಆ ಪ್ರಶ್ನೆಗಳು ದಿನವೂ ಊಟದ ಹೊತ್ತಿಗೆ ಬರುತ್ತವೆ. ಫೀಸು ಎಷ್ಟು, ಎಲ್ಲಿ ಇರುತ್ತೀಯ, ಕೆಲಸ ಸಿಗದಿದ್ದರೆ ಏನು ಮಾಡುತ್ತೀಯ? ಇಷ್ಟು ದಿನ ಸಿಟ್ಟು ಮಾಡಿಕೊಂಡು ಮೇಲೆ ನನ್ನ ಕೋಣೆಗೆ ಎದ್ದು ಹೋಗುತ್ತಿದ್ದೆ. ಅಮ್ಮ, ಅಪ್ಪ, ನನಗೆ ಹೋಗುವ ಆಸೆ ಈಗಲೂ ಇದೆ. ಆದರೆ ಇನ್ನು ಮುಂದೆ ಎದ್ದು ಹೋಗುವುದಿಲ್ಲ, ಕೂತು ಉತ್ತರ ಹೇಳುತ್ತೇನೆ. ಮುಂದಿನ ಸಲ ಹೀಥ್ರೂಗೆ ಹೋಗುವಾಗ ಸ್ವಲ್ಪ ಬೇಗ ಹೊರಡೋಣ, ಡೆನ್ಹ್ಯಾಮ್‌ನಲ್ಲಿ ಐದು ನಿಮಿಷ ನಿಲ್ಲಿಸಿ. ಹಳೆಯ ಸ್ಟುಡಿಯೋ ಈಗಿಲ್ಲ. ಆದರೂ ಕಾರಾಪುರದ ಆ ಹುಡುಗ ಬಂದಿಳಿದ ಊರನ್ನು ಒಮ್ಮೆ ನಿಮ್ಮ ಜೊತೆ ನೋಡಬೇಕು.