1.6ರ ಹಿಂದಿನ ಮನುಷ್ಯ

ಥರ್ಡ್ ಸೆಮ್‌ನಲ್ಲಿ ಟ್ರಾನ್ಸ್‌ಫಾರ್ಮರ್ ಓದಿದವರಿಗೆಲ್ಲ 1.6 ಅನ್ನೋ ಸಂಖ್ಯೆ ನೆನಪಿರುತ್ತೆ. ಹಿಸ್ಟರಿಸಿಸ್ ಲಾಸ್‌ನ ಫಾರ್ಮುಲಾದಲ್ಲಿ ಬಿ ಮ್ಯಾಕ್ಸ್‌ನ ತಲೆ ಮೇಲೆ ಅದು ಕೂತಿರುತ್ತೆ. 2 ಅಲ್ಲ, 1.5 ಅಲ್ಲ, 1.6. ಯಾಕೆ ಅಂತ ನಾವು ಯಾರೂ ಕೇಳಲಿಲ್ಲ. ಇಂಟರ್ನಲ್ಸ್‌ಗೆ ಬೇಕಿತ್ತು, ಬಾಯಿಪಾಠ ಮಾಡಿದೆವು. ಪಕ್ಕದಲ್ಲಿ ಸ್ಟೈನ್‌ಮೆಟ್ಜ್ ಅನ್ನೋ ಹೆಸರಿತ್ತು, ಅದನ್ನೂ ಸ್ಪೆಲ್ಲಿಂಗ್ ಸಮೇತ ಬಾಯಿಪಾಠ ಮಾಡಿದೆವು.

ಆಮೇಲೆ ಒಂದು ದಿನ ನಮ್ಮ ಡಿಪಾರ್ಟ್‌ಮೆಂಟಿನ ಸೀನಿಯರ್ ಅಕ್ಕ ಒಬ್ಬರು ವಿಡಿಯೋ ಕಾಲ್‌ನಲ್ಲಿ ಮಾತಾಡಿದರು. ಅವರು ಕೆನಡಾಕ್ಕೆ ಹೋಗಿ ಎರಡು ವರ್ಷ ಆಗಿದೆ. ಇಲ್ಲಿ ನಾಲ್ಕು ವರ್ಷ ಓದಿ, ಮೂರು ವರ್ಷ ಸಬ್‌ಸ್ಟೇಷನ್ ಡಿಸೈನ್ ಮಾಡಿದವರು. ಅವರಿರುವ ಪ್ರಾಂತ್ಯದಲ್ಲಿ ನೋಂದಣಿ ಆಗಿ ಲೈಸೆನ್ಸ್ ಬರುವ ತನಕ ತಮ್ಮನ್ನು ಇಂಜಿನಿಯರ್ ಅಂತ ಕರೆದುಕೊಳ್ಳುವ ಹಾಗೇ ಇಲ್ಲವಂತೆ. ಡ್ರಾಯಿಂಗ್ ಇವರು ಮಾಡಬಹುದು, ಸಹಿ ಮಾತ್ರ ಬೇರೆಯವರದು. ಅವರು ನಗ್ತಾನೇ ಹೇಳಿದರು. ಆದರೆ ಕಾಲ್ ಮುಗಿದ ಮೇಲೆ ನಾವು ನಾಲ್ಕು ಜನ ಕ್ಯಾಂಟೀನ್‌ನಲ್ಲಿ ಮಾತಿಲ್ಲದೆ ಕೂತಿದ್ದೆವು. ನಮ್ಮಲ್ಲಿ ಮೂರು ಜನಕ್ಕೆ ಹೊರಗೆ ಹೋಗೋ ಆಸೆ ಇದೆ.

ಅದೇ ವಾರ ಕ್ಲಬ್ಬಿಗೆ ಲೇಖನ ಬರೀಬೇಕು ಅಂತ ಸ್ಟೈನ್‌ಮೆಟ್ಜ್ ಜೀವನ ಓದೋಕೆ ಶುರು ಮಾಡಿದೆವು. ಓದುತ್ತಾ ಗೊತ್ತಾಯ್ತು, ಈ 1.6ರ ಮನುಷ್ಯ ಪರದೇಶಕ್ಕೆ ಬಂದು ಇಳಿದಾಗ ಕೈಯಲ್ಲಿ ಒಂದು ಡಿಗ್ರಿ ಸರ್ಟಿಫಿಕೇಟ್ ಕೂಡ ಇರಲಿಲ್ಲ.

ಅವರು ಹುಟ್ಟಿದ್ದು 1865ರ ಏಪ್ರಿಲ್ 9ರಂದು, ಆಗ ಪ್ರಷ್ಯಾಕ್ಕೆ ಸೇರಿದ್ದ ಬ್ರೆಸ್ಲಾವ್ ನಗರದಲ್ಲಿ. ಇವತ್ತು ಅದು ಪೋಲೆಂಡಿನ ವ್ರೊಟ್ಸ್‌ವಾಫ್. ಹೆಸರು ಕಾರ್ಲ್ ಆಗಸ್ಟ್ ರುಡಾಲ್ಫ್ ಸ್ಟೈನ್‌ಮೆಟ್ಜ್. ಅಪ್ಪ ರೈಲ್ವೆಯಲ್ಲಿ ಕೆಲಸಕ್ಕಿದ್ದರು. ಮಗುವಿಗೆ ಒಂದು ವರ್ಷ ಆಗುವಷ್ಟರಲ್ಲಿ ತಾಯಿ ತೀರಿಕೊಂಡರು. ಗೂನು ಬೆನ್ನು ಹುಟ್ಟಿನಿಂದಲೇ ಬಂದದ್ದು, ಅಪ್ಪನಿಗೂ ಅಜ್ಜನಿಗೂ ಅದೇ ಇತ್ತು. ದೊಡ್ಡವರಾದ ಮೇಲೂ ಎತ್ತರ ನಾಲ್ಕು ಅಡಿಯ ಆಸುಪಾಸು.

1883ರಲ್ಲಿ ಬ್ರೆಸ್ಲಾವ್ ವಿಶ್ವವಿದ್ಯಾಲಯ ಸೇರಿ ಗಣಿತ ಓದಿದರು. ಅಲ್ಲಿನ ಗಣಿತ ಸಂಘದ ಹುಡುಗರು ಅವರಿಗೆ ಪ್ರೋಟಿಯಸ್ ಅಂತ ಅಡ್ಡಹೆಸರಿಟ್ಟರು. ಗ್ರೀಕ್ ಪುರಾಣದಲ್ಲಿ ಬೇಕಾದ ರೂಪ ತಾಳುವ ಸಮುದ್ರದ ಮುದುಕ ಅವನು. ಈಗಿನ ಹಾಸ್ಟೆಲ್‌ಗಳಲ್ಲೂ ಇಂಥ ಹೆಸರು ಬೀಳುತ್ತೆ, ಹೊತ್ತುಕೊಂಡವರಿಗೇ ಗೊತ್ತು ಅದರ ಕಷ್ಟ. ಸ್ಟೈನ್‌ಮೆಟ್ಜ್ ಮಾತ್ರ ಅದನ್ನು ಇಷ್ಟಪಟ್ಟು ಇಟ್ಟುಕೊಂಡರು. ಆ ಹೆಸರು ಮುಂದೆ ಎಲ್ಲಿಗೆ ಹೋಯ್ತು ಅನ್ನೋದು ಮಜವಾಗಿದೆ, ಬರ್ತೀವಿ.

ಓದಿನ ಜೊತೆ ಅವರು ಸಮಾಜವಾದಿ ವಿದ್ಯಾರ್ಥಿಗಳ ಗುಂಪಿಗೂ ಸೇರಿದ್ದರು. ಬಿಸ್ಮಾರ್ಕ್ 1878ರಿಂದ ಸಮಾಜವಾದಿಗಳ ವಿರುದ್ಧ ಕಾನೂನು ಜಾರಿಯಲ್ಲಿಟ್ಟಿದ್ದ ಕಾಲ ಅದು. ಪತ್ರಿಕೆಯಲ್ಲಿ ಬರೆದದ್ದು, ಸಂಪಾದಿಸಿದ್ದು ಪೊಲೀಸರ ಕಣ್ಣಿಗೆ ಬಿತ್ತು. ಡಾಕ್ಟರೇಟ್ ಪ್ರಬಂಧ ಹೆಚ್ಚುಕಡಿಮೆ ಮುಗಿದಿತ್ತು, ಪದವಿ ಕೈಗೆ ಬರುವುದೊಂದೇ ಬಾಕಿ. ಆದರೆ ಬಂಧನವಾಗುವ ಸೂಚನೆ ಸಿಕ್ಕಿ 1888ರಲ್ಲಿ ಊರು ಬಿಟ್ಟು ಜ್ಯೂರಿಕ್‌ಗೆ ಹೋದರು. ಅಪ್ಪನನ್ನು ಮತ್ತೆ ನೋಡಲಿಲ್ಲ. ಜ್ಯೂರಿಕ್‌ನ ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ತರಗತಿಗಳಲ್ಲಿ ಕೂತರು, ಅದೂ ಪೂರ್ತಿಯಾಗಲಿಲ್ಲ. ಒಂದು ಕಡೆ ಅರ್ಧ, ಇನ್ನೊಂದು ಕಡೆ ಅರ್ಧ. ನಮ್ಮ ಲೆಕ್ಕದಲ್ಲಿ ಎರಡೂ ಕಡೆ ಬ್ಯಾಕ್‌ಲಾಗ್.

1889ರಲ್ಲಿ ಆಸ್ಕರ್ ಆಸ್ಮುಸ್ಸೆನ್ ಅನ್ನೋ ಗೆಳೆಯ ಅಮೆರಿಕಕ್ಕೆ ಹೊರಟರು, ಸ್ಟೈನ್‌ಮೆಟ್ಜ್‌ರನ್ನೂ ಜೊತೆಗೆ ಕರೆದರು. ಹಡಗಿನಲ್ಲಿ ಎಲ್ಲಕ್ಕಿಂತ ಕಡಿಮೆ ದರದ ಕೆಳಗಿನ ಅಂತಸ್ತಿನಲ್ಲಿ ಪ್ರಯಾಣ. ಎಲ್ಲಿಸ್ ದ್ವೀಪದ ಕಚೇರಿ ಆಗ ಇನ್ನೂ ತೆರೆದಿರಲಿಲ್ಲ, ನ್ಯೂಯಾರ್ಕಿಗೆ ವಲಸೆ ಬಂದವರು ಇಳಿಯುತ್ತಿದ್ದದ್ದು ಕ್ಯಾಸಲ್ ಗಾರ್ಡನ್‌ನಲ್ಲಿ. ತನ್ನ ಹೊಟ್ಟೆ ತಾನು ಹೊರೆದುಕೊಳ್ಳಲಾರದವರು ಅಂತ ಕಂಡರೆ ಅಂಥವರನ್ನು ವಾಪಸ್ ಕಳಿಸಬಹುದು ಅನ್ನೋ ಕಾನೂನು 1882ರಲ್ಲೇ ಬಂದಿತ್ತು. ಈಗ ಅಧಿಕಾರಿಯ ಕಣ್ಣಿನಿಂದ ನೋಡಿ. ನಾಲ್ಕಡಿ ಮನುಷ್ಯ, ಗೂನು ಬೆನ್ನು, ಜೇಬು ಖಾಲಿ, ಇಂಗ್ಲಿಷ್ ಅಷ್ಟಕ್ಕಷ್ಟೇ, ಕೈಯಲ್ಲಿ ಒಂದು ಸರ್ಟಿಫಿಕೇಟ್ ಇಲ್ಲ. ವಾಪಸ್ ಕಳಿಸುವ ಮಾತು ಬಂತು. ಆಸ್ಮುಸ್ಸೆನ್ ನಡುವೆ ನಿಂತು, ಇವರ ಜವಾಬ್ದಾರಿ ನನ್ನದು ಅಂತ ಒಪ್ಪಿಸಿ ಒಳಗೆ ಕರೆದುಕೊಂಡು ಬಂದರು. ಒಬ್ಬ ಗೆಳೆಯನ ಮಾತು, ಅಷ್ಟೇ. ಬೇರೆ ಯಾವ ಕಾಗದವೂ ಅಲ್ಲಿ ಇರಲಿಲ್ಲ.

ಕೆಲಸ ಸಿಕ್ಕಿದ್ದು ನ್ಯೂಯಾರ್ಕ್ ಪಕ್ಕದ ಯಾಂಕರ್ಸ್ ಊರಲ್ಲಿ, ರುಡಾಲ್ಫ್ ಐಕೆಮೆಯರ್ ಅವರ ಕಾರ್ಖಾನೆಯಲ್ಲಿ. ಟೋಪಿ ತಯಾರಿಸುವ ಯಂತ್ರಗಳಿಗೆ ಹೆಸರಾದ ಕಾರ್ಖಾನೆ ಅದು, ವಿದ್ಯುತ್ ಮೋಟಾರುಗಳನ್ನೂ ಮಾಡುತ್ತಿತ್ತು. ಐಕೆಮೆಯರ್ ಕೂಡ 1848ರ ಕ್ರಾಂತಿ ಸೋತ ಮೇಲೆ ಜರ್ಮನಿ ಬಿಟ್ಟು ಬಂದವರು, ಹಾಗಾಗಿ ಈ ಹುಡುಗನ ಕಥೆ ಅವರಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಹುದ್ದೆ ಡ್ರಾಫ್ಟ್ಸ್‌ಮನ್, ಸಂಬಳ ವಾರಕ್ಕೆ 12 ಡಾಲರ್. ಡಾಕ್ಟರೇಟ್ ಅಂಚಿನವರೆಗೆ ಹೋದವರು ಇನ್ನೊಬ್ಬರ ಡಿಸೈನಿಗೆ ಗೆರೆ ಎಳೆಯುತ್ತಾ ಕೂತರು. ನಮ್ಮ ಸೀನಿಯರ್ ಅಕ್ಕ ನೆನಪಾದದ್ದು ಇಲ್ಲೇ.

ನಾಗರಿಕತ್ವಕ್ಕೆ ಅರ್ಜಿ ಹಾಕುವಾಗ ಕಾರ್ಲ್ ಹೋಗಿ ಚಾರ್ಲ್ಸ್ ಆದರು. ನಡುವಿನ ಎರಡು ಹೆಸರು ತೆಗೆದು, ಅಲ್ಲಿ ಕಾಲೇಜಿನ ಅಡ್ಡಹೆಸರು ತುಂಬಿದರು. ಚಾರ್ಲ್ಸ್ ಪ್ರೋಟಿಯಸ್ ಸ್ಟೈನ್‌ಮೆಟ್ಜ್. ಆ ವಿಶ್ವವಿದ್ಯಾಲಯದಿಂದ ಪದವಿ ಸಿಗಲಿಲ್ಲ, ಅಡ್ಡಹೆಸರು ಮಾತ್ರ ಕೊನೇ ತನಕ ಬಂತು.

ಇನ್ನೊಂದು ಅರ್ಜಿಯನ್ನೂ ಅವರು ಬಂದ ಹೊಸದರಲ್ಲೇ ಹಾಕಿದರು. ಅದು ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಎಲೆಕ್ಟ್ರಿಕಲ್ ಇಂಜಿನಿಯರ್ಸ್ ಸದಸ್ಯತ್ವಕ್ಕೆ. 1884ರಲ್ಲಿ ಶುರುವಾದ ಈ ಸಂಘವೇ 1963ರಲ್ಲಿ ರೇಡಿಯೋ ಇಂಜಿನಿಯರ್‌ಗಳ ಸಂಘದ ಜೊತೆ ಸೇರಿ ಐಇಇಇ ಆದದ್ದು. ನಮ್ಮ ಕ್ಯಾಂಪಸ್‌ನಲ್ಲಿ ಸ್ಟೂಡೆಂಟ್ ಬ್ರಾಂಚ್ ನಡೆಸುವ ಅದೇ ಐಇಇಇ. ಆಗ ಅಮೆರಿಕದ ಯಾವ ರಾಜ್ಯದಲ್ಲೂ ಇಂಜಿನಿಯರ್ ಲೈಸೆನ್ಸ್ ಅನ್ನೋದೇ ಇರಲಿಲ್ಲ. ಯಾರು ಇಂಜಿನಿಯರ್, ಯಾರು ಅಲ್ಲ ಅಂತ ಗೊತ್ತಾಗುತ್ತಿದ್ದದ್ದು ಇಂಥ ಸಂಘಗಳಿಂದ. ಗೊತ್ತಿರುವ ಸದಸ್ಯರು ಹೊಸಬರನ್ನು ಶಿಫಾರಸು ಮಾಡಬೇಕಿತ್ತು, ಸಂಘ ಆರಿಸಬೇಕಿತ್ತು. ಇದರ ಒಂದು ಒಳ್ಳೇದು ಅಂದರೆ ಒಳಗೆ ಬಂದವರು ಡ್ರಾಫ್ಟ್ಸ್‌ಮನ್ ಆದರೂ ಸಭೆಯಲ್ಲಿ ಎದ್ದು ಮಾತಾಡಬಹುದಿತ್ತು, ಪೇಪರ್ ಓದಬಹುದಿತ್ತು, ಅದು ಸಂಘದ ಸಂಪುಟದಲ್ಲಿ ಅಚ್ಚಾಗುತ್ತಿತ್ತು. ಕೆಟ್ಟದ್ದು ಯಾವುದು ಅಂತ ನೀವೇ ಊಹಿಸಬಹುದು. ಪರಿಚಯ ಇಲ್ಲದವನು ಬಾಗಿಲ ಹೊರಗೇ.

1892ರ ಜನವರಿಯಲ್ಲಿ ಸ್ಟೈನ್‌ಮೆಟ್ಜ್ ಆ ಸಂಘದ ಮುಂದೆ ಹಿಸ್ಟರಿಸಿಸ್ ನಿಯಮದ ಪೇಪರ್ ಮಂಡಿಸಿದರು. ಆಗಿನ ಕಷ್ಟ ಏನಿತ್ತು ನೋಡಿ. ಕಬ್ಬಿಣ ಪ್ರತಿ ಸೈಕಲ್‌ನಲ್ಲೂ ಮ್ಯಾಗ್ನೆಟೈಸ್ ಆಗಿ ತಿರುಗಿ ಬರುವಾಗ ಶಕ್ತಿ ಬಿಸಿಯಾಗಿ ಹೋಗುತ್ತೆ ಅಂತ ಎಲ್ಲರಿಗೂ ಗೊತ್ತಿತ್ತು. ಎಷ್ಟು ಹೋಗುತ್ತೆ ಅಂತ ಮೊದಲೇ ಹೇಳೋಕೆ ಆಗುತ್ತಿರಲಿಲ್ಲ. ಮೋಟಾರು ಕಟ್ಟಬೇಕು, ಓಡಿಸಬೇಕು, ತೀರಾ ಬಿಸಿಯಾದರೆ ಬಿಚ್ಚಿ ಮತ್ತೆ ಕಟ್ಟಬೇಕು. ಸ್ಟೈನ್‌ಮೆಟ್ಜ್ ಮೊದಲು ಯೂಯಿಂಗ್ ಅನ್ನೋ ವಿಜ್ಞಾನಿ ಪ್ರಕಟಿಸಿದ್ದ ಅಳತೆಗಳನ್ನು ತೆಗೆದುಕೊಂಡು ಲೆಕ್ಕ ಹಾಕಿದರು. ಲಾಸ್ ಮತ್ತು ಫ್ಲಕ್ಸ್ ಡೆನ್ಸಿಟಿಯ ನಡುವೆ 1.6ರ ಘಾತ ಹೊಂದಿ ಬಂತು. ಆಮೇಲೆ ಐಕೆಮೆಯರ್ ಕಾರ್ಖಾನೆಯಲ್ಲೇ ಬೇರೆ ಬೇರೆ ಕಬ್ಬಿಣ, ಉಕ್ಕು ತಂದು ತಾವೇ ಅಳೆದು ನೋಡಿದರು. ಅಲ್ಲೂ 1.6 ನಿಂತಿತು. ಅಂದರೆ ಇದು ಯಾವ ದೊಡ್ಡ ಥಿಯರಿಯಿಂದ ಇಳಿದು ಬಂದ ಸಂಖ್ಯೆ ಅಲ್ಲ, ಅಳೆದು ಅಳೆದು ಸಿಕ್ಕಿದ್ದು. ನಮ್ಮ ಲ್ಯಾಬ್ ರೆಕಾರ್ಡ್‌ನಲ್ಲಿ ರೀಡಿಂಗ್‌ಗಳನ್ನು ಪಕ್ಕದ ಬ್ಯಾಚ್‌ನಿಂದ ಇಳಿಸಿಕೊಳ್ಳುವ ನಾವು ಇಲ್ಲಿ ಸ್ವಲ್ಪ ತಲೆ ತಗ್ಗಿಸಿದೆವು.

ಮುಂದಿನ ವರ್ಷ, 1893ರಲ್ಲಿ, ಷಿಕಾಗೋದಲ್ಲಿ ನಡೆದ ಅಂತರರಾಷ್ಟ್ರೀಯ ವಿದ್ಯುತ್ ಸಮ್ಮೇಳನದಲ್ಲಿ ಕಾಂಪ್ಲೆಕ್ಸ್ ಸಂಖ್ಯೆಗಳಿಂದ ಎಸಿ ಸರ್ಕಿಟ್ ಬಿಡಿಸುವ ವಿಧಾನವನ್ನು ಮುಂದಿಟ್ಟರು. ಡಿಫರೆನ್ಷಿಯಲ್ ಈಕ್ವೇಷನ್ ಹಿಡಿದು ಪುಟಗಟ್ಟಲೆ ಎಣಗುವ ಲೆಕ್ಕ ಬರೀ ಬೀಜಗಣಿತಕ್ಕೆ ಇಳಿಯಿತು. ನಾವು ಫೇಸರ್ ಅಂತ ದಿನಾ ಬಳಸೋದು ಇದನ್ನೇ. ಅದೇ ವರ್ಷ ಇಂಪೀಡೆನ್ಸ್‌ಗೆ ಕಾಂಪ್ಲೆಕ್ಸ್ ಸಂಖ್ಯೆ ಬಳಸಿ ಪೇಪರ್ ಬರೆದ ಇನ್ನೊಬ್ಬರು ಆರ್ಥರ್ ಕೆನೆಲಿ. ಕೆನೆಲಿ ಹುಟ್ಟಿದ್ದು ಎಲ್ಲಿ ಗೊತ್ತಾ? ಬೊಂಬಾಯಿಯ ಕೊಲಾಬಾದಲ್ಲಿ, 1861ರಲ್ಲಿ. ಅವರೂ ಚಿಕ್ಕ ವಯಸ್ಸಿಗೇ ಸ್ಕೂಲ್ ಬಿಟ್ಟು, ಅಮೆರಿಕಕ್ಕೆ ವಲಸೆ ಹೋಗಿ, ಎಡಿಸನ್ ಹತ್ತಿರ ಕೆಲಸ ಮಾಡಿದವರು. 1898ರಿಂದ 1900ರವರೆಗೆ ಆ ಎಲೆಕ್ಟ್ರಿಕಲ್ ಸಂಘದ ಅಧ್ಯಕ್ಷರು. 1901–02ರಲ್ಲಿ ಆ ಕುರ್ಚಿಯಲ್ಲಿ ಕೂತದ್ದು ಸ್ಟೈನ್‌ಮೆಟ್ಜ್. ಕ್ಯಾಸಲ್ ಗಾರ್ಡನ್‌ನಿಂದ ಅಲ್ಲಿಗೆ ಹನ್ನೆರಡು ವರ್ಷ.

ನಡುವೆ ಕೆಲಸದ ಊರು ಬದಲಾಗಿತ್ತು. ಹೊಸದಾಗಿ ಹುಟ್ಟಿದ ಜನರಲ್ ಎಲೆಕ್ಟ್ರಿಕ್ ಕಂಪನಿ ಐಕೆಮೆಯರ್ ಕಾರ್ಖಾನೆಯನ್ನು ಕೊಂಡಾಗ ಸ್ಟೈನ್‌ಮೆಟ್ಜ್ ಕೂಡ ಅದರ ಜೊತೆ ಹೋದರು. ಮೊದಲು ಲಿನ್, ಆಮೇಲೆ 1894ರಿಂದ ಸ್ಕೆನೆಕ್ಟಡಿ, ಕೊನೇ ತನಕ ಅಲ್ಲೇ. ಅಲ್ಲಿನ ಪೇಟೆಂಟುಗಳು, ಲ್ಯಾಬಿನಲ್ಲಿ ಕೃತಕ ಸಿಡಿಲು ಹುಟ್ಟಿಸಿದ್ದು, ಎಡಿಸನ್ ಭೇಟಿ ಕೊಟ್ಟದ್ದು, ಇವೆಲ್ಲ ನೂರು ಕಡೆ ಸಿಗುತ್ತೆ. ಚಾಕ್‌ಪೀಸಿನಲ್ಲಿ ಒಂದು ಗೆರೆ ಎಳೆದು ಹತ್ತು ಸಾವಿರ ಡಾಲರ್ ಬಿಲ್ ಕಳಿಸಿದ ಕಥೆ ನಿಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪ್‌ಗೂ ಬಂದಿರುತ್ತೆ. ಬಿಡೋಣ.

ಪದವಿ ಕೊನೆಗೂ ಬಂತು, ಹಿಂದು ಮುಂದಾಗಿ. ಸಂಘದ ಅಧ್ಯಕ್ಷರಾದ ಮೇಲೆ 1902ರಲ್ಲಿ ಹಾರ್ವರ್ಡ್ ಗೌರವ ಪದವಿ ಕೊಟ್ಟಿತು. 1903ರಲ್ಲಿ ಸ್ಕೆನೆಕ್ಟಡಿಯ ಯೂನಿಯನ್ ಕಾಲೇಜು ಡಾಕ್ಟರೇಟ್ ಕೊಟ್ಟಿತು. ಆ ಹೊತ್ತಿಗೆ ಅದೇ ಕಾಲೇಜಿನ ಎಲೆಕ್ಟ್ರಿಕಲ್ ವಿಭಾಗಕ್ಕೆ ಅವರೇ ಮುಖ್ಯಸ್ಥರು.

ನಮಗೆ ಇದಕ್ಕಿಂತ ಮುಖ್ಯ ಅನ್ನಿಸಿದ್ದು, ಒಳಗೆ ಬಂದ ಮೇಲೆ ಅವರು ಸಂಘದಲ್ಲಿ ಮಾಡಿದ ಬೇಜಾರಿನ ಕೆಲಸಗಳು. 1898ರಲ್ಲಿ ಯಂತ್ರಗಳ ರೇಟಿಂಗ್‌ಗೆ ಒಂದೇ ಅಳತೆ ತರಲು ಸಂಘ ಸಮಿತಿ ಮಾಡಿತು, ಅದರಲ್ಲಿ ಕೆನೆಲಿ ಇದ್ದರು, ಸ್ಟೈನ್‌ಮೆಟ್ಜ್ ಇದ್ದರು. ಅದಕ್ಕೆ ಮುಂಚೆ ಎರಡು ಕಂಪನಿಗಳ ಜನರೇಟರ್ ಮೇಲೆ ಒಂದೇ ಕಿಲೋವ್ಯಾಟ್ ಬರೆದಿದ್ದರೂ ಎರಡೂ ಸಮ ಅನ್ನೋ ಭರವಸೆ ಇರಲಿಲ್ಲ. 1907ರಲ್ಲಿ ಸಂಘಕ್ಕೆ ವೃತ್ತಿ ನೀತಿ ಸಂಹಿತೆಯ ಕರಡು ಬರೆದ ಮೂವರಲ್ಲಿ ಅವರೊಬ್ಬರು. ಅದು ಅಂಗೀಕಾರವಾದದ್ದು 1912ರಲ್ಲಿ. ಆ ಸಂಹಿತೆ ಕಂಪನಿಯ ಹಿತವನ್ನೇ ಇಂಜಿನಿಯರ್‌ನ ಮೊದಲ ಕರ್ತವ್ಯ ಮಾಡಿತು. ಸಮಾಜವಾದಿ ಅಂತ ದೇಶ ಬಿಟ್ಟವರು ಇದಕ್ಕೆ ಹೇಗೆ ಒಪ್ಪಿದರೋ ಅಂತ ನಮ್ಮಲ್ಲಿ ಜಗಳವೇ ಆಯ್ತು. ಆದರೆ ಅವರು ಸಮಾಜವಾದವನ್ನೂ ಬಿಡಲಿಲ್ಲ. ಊರಿನ ಶಾಲಾ ಮಂಡಳಿಯ ಅಧ್ಯಕ್ಷರಾದರು, ನಗರಸಭೆಗೆ ಗೆದ್ದರು, 1922ರಲ್ಲಿ ನ್ಯೂಯಾರ್ಕ್ ರಾಜ್ಯದ ಸ್ಟೇಟ್ ಇಂಜಿನಿಯರ್ ಹುದ್ದೆಗೆ ಚುನಾವಣೆಗೇ ನಿಂತು ಸೋತರು.

ಅವರು ಕರಡು ಬರೆದ ಅದೇ 1907ರಲ್ಲಿ ದೂರದ ವಯೋಮಿಂಗ್ ರಾಜ್ಯ ಅಮೆರಿಕದ ಮೊದಲ ಇಂಜಿನಿಯರ್ ಲೈಸೆನ್ಸ್ ಕಾನೂನು ತಂದಿತು. ನೀರಾವರಿ ಅನುಮತಿಗೆ ಸಿಕ್ಕ ಸಿಕ್ಕವರೆಲ್ಲ ತಪ್ಪು ತಪ್ಪು ನಕ್ಷೆ ಬರೆದು ಇಂಜಿನಿಯರ್ ಅಂತ ಸಹಿ ಹಾಕುತ್ತಿದ್ದದ್ದು ಕಾರಣ. ಆಮೇಲೆ ಒಂದೊಂದೇ ರಾಜ್ಯ ಹಿಂದೆ ಬಂತು. ಇವತ್ತು ಅಲ್ಲಿ ಸಾಮಾನ್ಯವಾಗಿ ಮಾನ್ಯತೆ ಇರುವ ಡಿಗ್ರಿ, ಎಫ್‌ಇ ಪರೀಕ್ಷೆ, ನಾಲ್ಕು ವರ್ಷದ ಅನುಭವ, ಪಿಇ ಪರೀಕ್ಷೆ, ಜೊತೆಗೆ ಲೈಸೆನ್ಸ್ ಇರುವ ಇಂಜಿನಿಯರ್‌ಗಳ ಶಿಫಾರಸು ಬೇಕು. ಕಂಪನಿಯೊಳಗೆ ಕೆಲಸ ಮಾಡುವವರಿಗೆ ಹೆಚ್ಚಾಗಿ ವಿನಾಯಿತಿ ಇದೆ, ಸಾರ್ವಜನಿಕ ಕೆಲಸಕ್ಕೆ ಸಹಿ ಹಾಕಬೇಕಾದರೆ ಇಲ್ಲ. ಬ್ರಿಟನ್ನಿನಲ್ಲಿ ಚಾರ್ಟರ್ಡ್ ಇಂಜಿನಿಯರ್ ಆಗೋ ದಾರಿ ಇವತ್ತಿಗೂ ಸಂಘಗಳ ಮೂಲಕವೇ. ಆಸ್ಟ್ರೇಲಿಯಾಕ್ಕೆ ವಲಸೆ ಹೋಗೋ ಇಂಜಿನಿಯರ್‌ಗಳ ಅರ್ಹತೆ ತೂಗಿ ನೋಡೋದೂ ಅಲ್ಲಿನ ಇಂಜಿನಿಯರ್‌ಗಳ ಸಂಘವೇ. ಡಿಗ್ರಿಗೆ ಮಾನ್ಯತೆ ಇಲ್ಲದಿದ್ದರೆ ಮಾಡಿದ ಮೂರು ಕೆಲಸಗಳ ಬಗ್ಗೆ ವಿವರವಾಗಿ ಬರೆದು ಕೊಡಬೇಕು. ಅಂದರೆ ಸ್ಟೈನ್‌ಮೆಟ್ಜ್ ಬಂದ ದಾರಿ ಪೂರ್ತಿ ಮುಚ್ಚಿಲ್ಲ, ಅದಕ್ಕೊಂದು ಫಾರಂ ಬಂದಿದೆ.

ಸ್ಟೈನ್‌ಮೆಟ್ಜ್ ಮದುವೆಯಾಗಲಿಲ್ಲ. ತಮ್ಮ ಬೆನ್ನು ಮಕ್ಕಳಿಗೂ ಬಂದೀತು ಅನ್ನೋ ಭಯ. ಲ್ಯಾಬಿನ ಸಹಾಯಕ ಜೋಸೆಫ್ ಹೇಡನ್ ಅವರನ್ನು ಮಗನಾಗಿ ದತ್ತು ತೆಗೆದುಕೊಂಡರು, ಹೇಡನ್ ಸಂಸಾರವೇ ಅವರ ಮನೆಗೆ ಬಂದು ನೆಲೆಸಿತು. ಮೂರು ಮೊಮ್ಮಕ್ಕಳ ಅಜ್ಜನಾಗಿ ಬದುಕಿ, 1923ರ ಅಕ್ಟೋಬರ್ 26ರಂದು ಆ ಮನೆಯಲ್ಲೇ ತೀರಿಕೊಂಡರು, 58 ವರ್ಷಕ್ಕೆ. ಸ್ಟ್ಯಾಂಡರ್ಡ್ಸ್ ಕೆಲಸಕ್ಕೆ ಐಇಇಇ ಕೊಡುವ ಪ್ರಶಸ್ತಿ ಈಗ ಅವರ ಹೆಸರಲ್ಲಿದೆ, ಪ್ರೋಟಿಯಸ್ ಸಮೇತ.

ಈಗ ನಮ್ಮ ವಿಷಯ. ಭಾರತ 2014ರಲ್ಲಿ ವಾಷಿಂಗ್ಟನ್ ಒಪ್ಪಂದದ ಖಾಯಂ ಸದಸ್ಯ ಆಯ್ತು, ಎನ್‌ಬಿಎ ಮೂಲಕ. ಸದಸ್ಯ ದೇಶಗಳು ಒಬ್ಬರ ಡಿಗ್ರಿಯನ್ನು ಒಬ್ಬರು ಸಮಾನ ಅಂತ ಒಪ್ಪುವ ಒಪ್ಪಂದ ಅದು. ಲೈಸೆನ್ಸ್ ಕೊಡಲ್ಲ, ಅರ್ಜಿಯ ಮೊದಲ ಹೆಜ್ಜೆ ಹಗುರ ಮಾಡುತ್ತೆ. ಆದರೆ ಎನ್‌ಬಿಎ ಮಾನ್ಯತೆಯಲ್ಲಿ ಟಿಯರ್ 1, ಟಿಯರ್ 2 ಅಂತ ಎರಡಿದೆ. ಸ್ವಾಯತ್ತ ಕಾಲೇಜು ಮತ್ತು ವಿಶ್ವವಿದ್ಯಾಲಯಗಳದ್ದು ಟಿಯರ್ 1, ಉಳಿದ ಸಂಯೋಜಿತ ಕಾಲೇಜುಗಳದ್ದು ಟಿಯರ್ 2. ಒಪ್ಪಂದದ ಲಾಭ ಟಿಯರ್ 1ಕ್ಕೆ ಮಾತ್ರ. ಅದೂ ಇಡೀ ಕಾಲೇಜಿಗೆ ಅಲ್ಲ, ಬ್ರಾಂಚ್ ಬ್ರಾಂಚಿಗೆ ಬೇರೆ, ವರ್ಷದ ಲೆಕ್ಕವೂ ಇದೆ. ಮೇನ್ ಗೇಟಿನ ಬ್ಯಾನರ್‌ನಲ್ಲಿ ಎನ್‌ಬಿಎ ಅಂತ ಮಾತ್ರ ಇರುತ್ತೆ, ಟಿಯರ್ ಬರೆಯೋಕೆ ಜಾಗ ಸಾಲಲ್ಲ ಅಂತ ಕಾಣುತ್ತೆ.

ನಮ್ಮ ಬ್ರಾಂಚಿನದು ಯಾವುದು, ನಾವು ಪಾಸಾಗುವ ವರ್ಷ ಅದರೊಳಗೆ ಬರುತ್ತಾ ಅಂತ ಕೇಳೋಕೆ ಸೋಮವಾರ ಮಧ್ಯಾಹ್ನ ಎಚ್‌ಒಡಿ ಮೇಡಂ ಹತ್ತಿರ ಹೋಗ್ತಿದ್ದೀವಿ. ಬರೋರು ಲಂಚ್ ಆದ ತಕ್ಷಣ ಮಷೀನ್ಸ್ ಲ್ಯಾಬ್ ಮುಂದೆ ಸೇರಿ.