ಫಿರೋಜ್‌ಶಾ ಮೆಹ್ತಾ: ಪಾಲಿಕೆಗೆ ಲೆಕ್ಕ ಕೇಳಿದ ಲಾಯರ್

ಮುಂಬೈನ ಸಿಎಸ್‌ಎಂಟಿ ಸ್ಟೇಷನ್ ಎದುರಿಗೆ ಮಹಾನಗರ ಪಾಲಿಕೆಯ ಹಳೇ ಕಟ್ಟಡ ಇದೆ. ಅದರ ಮುಂದೆ ಒಂದು ಪ್ರತಿಮೆ. ಕಳೆದ ರಜೆಯಲ್ಲಿ ನಾವು ಅಲ್ಲಿ ಫೋಟೋ ತೆಗೆದುಕೊಂಡೆವು, ಯಾರ ಪ್ರತಿಮೆ ಅಂತ ಮಾತ್ರ ಕೇಳಲಿಲ್ಲ. ವಾಪಸ್ ಬಂದು ಓದಿದಾಗ ಗೊತ್ತಾಯ್ತು, ಅವರು ಸರ್ ಫಿರೋಜ್‌ಶಾ ಮೆಹ್ತಾ.

1845ರ ಆಗಸ್ಟ್ 4ರಂದು ಮುಂಬೈನ ಪಾರ್ಸಿ ವ್ಯಾಪಾರಿ ಮನೆತನದಲ್ಲಿ ಹುಟ್ಟಿದರು. ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿ, ಲಂಡನ್ನಿಗೆ ಹೋಗಿ, 1868ರಲ್ಲಿ ಬ್ಯಾರಿಸ್ಟರ್ ಆದರು. 1890ರಲ್ಲಿ ಕಾಂಗ್ರೆಸ್ ಅಧ್ಯಕ್ಷರೂ ಆದರು. ಶಾಲೆಯ ಪುಸ್ತಕದಲ್ಲಿ ಇಷ್ಟೇ ಇರುತ್ತೆ. ನಮಗೆ ಇಷ್ಟವಾದದ್ದು ಬೇರೆ ಕಥೆ.

ಆಗ ಮುಂಬೈಯನ್ನು ನಡೆಸುತ್ತಿದ್ದದ್ದು ಸರ್ಕಾರ ನೇಮಿಸಿದ ಒಬ್ಬ ಕಮಿಷನರ್, ಆರ್ಥರ್ ಕ್ರಾಫರ್ಡ್. ಕ್ರಾಫರ್ಡ್ ಮಾರ್ಕೆಟ್ ಇವರ ಹೆಸರಿನದೇ. ಕೆಲಸ ಜೋರಾಗಿ ಆಯಿತು, ಖರ್ಚೂ ಜೋರಾಗಿ ಆಯಿತು. ತೆರಿಗೆ ಕಟ್ಟುವವರು ರೊಚ್ಚಿಗೆದ್ದರು. 1871ರಲ್ಲಿ 26 ವರ್ಷದ ಮೆಹ್ತಾ ತುಂಬಿದ ಸಭೆಯಲ್ಲಿ ಎದ್ದು ನಿಂತು, ಎಲ್ಲರೂ ಬೈಯುತ್ತಿದ್ದ ಕ್ರಾಫರ್ಡ್ ಪರವಾಗಿ ಮಾತಾಡಿದರು! ಜನ ಕೂಗಾಡಿದರು. ಆದರೆ ಅವರ ವಾದ ಸರಳವಾಗಿತ್ತು. ತಪ್ಪು ಮನುಷ್ಯನದ್ದಲ್ಲ, ವ್ಯವಸ್ಥೆಯದ್ದು. ಕೆಲಸ ಮಾಡೋಕೆ ಅಧಿಕಾರ ಇರುವ ಒಬ್ಬ ಅಧಿಕಾರಿ ಬೇಕೇ ಬೇಕು, ಆದರೆ ಅವನಿಗೆ ಲೆಕ್ಕ ಕೇಳುವವರನ್ನು ಊರಿನ ಜನ ಆರಿಸಬೇಕು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಮೋಟಾರ್ ಚೆನ್ನಾಗಿತ್ತು, ಫೀಡ್‌ಬ್ಯಾಕ್ ಲೂಪೇ ಇರಲಿಲ್ಲ.

ಮರುವರ್ಷವೇ, 1872ರಲ್ಲಿ, ಹೊಸ ಕಾಯ್ದೆ ಬಂತು. 64 ಸದಸ್ಯರಲ್ಲಿ ಅರ್ಧ ಜನರನ್ನು ತೆರಿಗೆದಾರರು ಆರಿಸಿದರು. ಆಗ ಎಲ್ಲರಿಗೂ ವೋಟು ಇರಲಿಲ್ಲ, ತೆರಿಗೆ ಕಟ್ಟುವವರಿಗೆ ಮಾತ್ರ. ಮುಂದೆ 1888ರ ಕಾಯ್ದೆಯನ್ನು ರೂಪಿಸುವಾಗ ಮೆಹ್ತಾ ಶಾಸನ ಸಭೆಯಲ್ಲೇ ಇದ್ದರು. ಅದರಲ್ಲಿ ಕೆಲಸ ಮೂರು ಭಾಗವಾಯಿತು. ಬಜೆಟ್ ಒಪ್ಪುವುದು ಕಾರ್ಪೊರೇಷನ್, ಖರ್ಚಿನ ಮೇಲೆ ಕಣ್ಣಿಡುವುದು ಸ್ಥಾಯಿ ಸಮಿತಿ, ಕೆಲಸ ಮಾಡಿಸುವುದು ಕಮಿಷನರ್. ಬಹಳಷ್ಟು ತಿದ್ದುಪಡಿ ಆಗಿದ್ದರೂ ಮುಂಬೈ ಪಾಲಿಕೆ ಇವತ್ತಿಗೂ ಅದೇ ಕಾಯ್ದೆ ಮೇಲೆ ನಡೆಯುತ್ತಿದೆ.

ನಾಲ್ಕು ಸಲ ಅವರು ಪಾಲಿಕೆಯ ಅಧ್ಯಕ್ಷರಾದರು. ಪಾಲಿಕೆಯಲ್ಲಿ ಅವರ ಹಿಡಿತ ಅತಿಯಾಯಿತು ಅನ್ನುವವರೂ ಇದ್ದರು. 1907ರ ಚುನಾವಣೆಯಲ್ಲಿ ಒಂದು ಗುಂಪು ಸೇರಿಕೊಂಡು ಅವರನ್ನು ಸೋಲಿಸಿತು. ಆಮೇಲೆ ಗೆದ್ದವರೊಬ್ಬರ ಆಯ್ಕೆ ರದ್ದಾಗಿ ಮೆಹ್ತಾ ಮತ್ತೆ ಒಳಗೆ ಬಂದರು. 1911ರಲ್ಲಿ ಮತ್ತೆ ಅಧ್ಯಕ್ಷರಾದರು. 1915ರ ನವೆಂಬರ್ 5ರಂದು ತೀರಿಕೊಂಡರು.

ಇದನ್ನೆಲ್ಲ ಈಗ ಯಾಕೆ ಬರೆದ್ವಿ ಅಂದ್ರೆ, ನಮ್ಮ ಬೆಂಗಳೂರಿನಲ್ಲಿ ಬಿಬಿಎಂಪಿಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಅಧಿಕಾರಿಗಳೇ ನಡೆಸಿದರು. ನಮಗೆ 18 ತುಂಬಿದಾಗ ನಮ್ಮ ವಾರ್ಡಿಗೆ ಕಾರ್ಪೊರೇಟರೇ ಇರಲಿಲ್ಲ. ರಸ್ತೆ ಗುಂಡಿ ಕಂಡಾಗ ನಾವೂ ಅಧಿಕಾರಿಗಳನ್ನು ಬೈದು ಸುಮ್ಮನಾಗ್ತೀವಿ. ಲೆಕ್ಕ ಕೇಳಬೇಕಾದ ಕುರ್ಚಿಗಳು ಖಾಲಿ ಇವೆ ಅನ್ನೋದು ನಮಗೆ ಹೊಳೆದದ್ದು ಮೆಹ್ತಾ ಬಗ್ಗೆ ಓದಿದ ಮೇಲೆ. ಮುಂದಿನ ಸಲ ವೋಟರ್ ಪಟ್ಟಿಯಲ್ಲಿ ಹೆಸರು ಇದೆಯಾ ಅಂತ ನೀವೂ ಒಮ್ಮೆ ನೋಡಿಕೊಳ್ಳಿ. ನಾವು ನೋಡಿಕೊಂಡೆವು.